ಪದ ಗೊತ್ತಿದೆ, ವಾಕ್ಯ ತಪ್ಪುತ್ತದೆ: ಇಂಗ್ಲಿಷಿನ ಪದಜೋಡಿಗಳನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುವುದು ಹೇಗೆ?

ಹಾರಂಗಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಕಡೆಯ ಕನ್ನಡ ಮಾಧ್ಯಮ ಪ್ರೌಢಶಾಲೆ, ಎಂಟರಿಂದ ಹತ್ತನೇ ತರಗತಿ. ಮಕ್ಕಳಿಗೆ ಇಂಗ್ಲಿಷ್ ಪದಗಳ ಅರ್ಥ ಗೊತ್ತು, ಕಾಗುಣಿತವೂ ಪರವಾಗಿಲ್ಲ. ವಾಕ್ಯ ಬರೆಸಿದರೆ ಮಾತ್ರ ಹೀಗೆ ಬರುತ್ತದೆ: ‘ಸ್ಟ್ರಾಂಗ್ ರೇನ್ ಕೇಮ್’, ‘ಐ ಡಿಡ್ ಎ ಮಿಸ್ಟೇಕ್’, ‘ಪುಟ್ ದ ಡೋರ್’, ‘ಪುಟ್ ದ ಲೈಟ್’, ‘ವಿ ವನ್ ದೆಮ್ ಇನ್ ಹಾಕಿ’. ಕಾಲ, ವಚನ, ಪದಗಳ ಕ್ರಮ ಎಲ್ಲ ಸರಿಯಿದ್ದೂ ವಾಕ್ಯ ಇಂಗ್ಲಿಷಿನದ್ದಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರೆ ಮುಂದಿನ ವಾರ ಅದೇ ತಪ್ಪು ಮತ್ತೆ ಹಾಜರ್.

ಇದಕ್ಕೆ ಕೊಲೊಕೇಷನ್, ಅಂದರೆ ರೂಢಿಯ ಪದಜೋಡಿ, ಕಲಿಸಬೇಕು ಎನ್ನುತ್ತಾರೆ. ತರಗತಿಯಲ್ಲಿ ಅದನ್ನು ನಿಜಕ್ಕೂ ಹೇಗೆ ಮಾಡಿಸುವುದು? ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಬೇಕೇ? ವಾರಕ್ಕೆ ಎಷ್ಟು ಜೋಡಿ ತಡೆಯುತ್ತವೆ? ಯಾವುದನ್ನು ಮೊದಲು ಹಿಡಿಯಬೇಕು, ಯಾವುದನ್ನು ಬಿಡಬೇಕು? ಪೀರಿಯಡ್ 40 ನಿಮಿಷ, ಪಾಠವನ್ನೂ ಮುಗಿಸಬೇಕು. ಇದಕ್ಕಾಗಿ ಎತ್ತಿಡಬಹುದಾದದ್ದು ದಿನಕ್ಕೆ ಹತ್ತು ನಿಮಿಷ.

ಪದಸಂಗಾತಿ

ಹಾರಂಗಿ ಅವರೇ, ಇವು ವ್ಯಾಕರಣದ ತಪ್ಪುಗಳೇ ಅಲ್ಲ. ಹಾಗಾಗಿ ವ್ಯಾಕರಣದ ಕೆಂಪು ಶಾಯಿಗೆ ಬಗ್ಗುವುದಿಲ್ಲ. ಇಂಗ್ಲಿಷ್ ಆಡುವವರ ಬಾಯಲ್ಲಿ ಮಳೆಗೆ ‘ಹೆವಿ’, ಗಾಳಿಗೆ ‘ಸ್ಟ್ರಾಂಗ್’, ಮಂಜಿಗೆ ‘ಥಿಕ್’ ಅಥವಾ ‘ಡೆನ್ಸ್’ ಜೊತೆಯಾಗುತ್ತದೆ. ಏಕೆ ಎಂದು ಕೇಳಿದರೆ, ರೂಢಿ. ಪದಗಳ ನಡುವಿನ ಈ ರೂಢಿಯ ಒಡನಾಟಕ್ಕೇ ಕೊಲೊಕೇಷನ್ ಎನ್ನುವುದು.

ಇದು ಪರಭಾಷೆಯಾಗಿ ಇಂಗ್ಲಿಷ್ ಕಲಿಯುವವರಿಗೆ ದೊಡ್ಡ ತೊಡಕು ಎಂಬುದು ಹೊಸ ಮಾತೇನಲ್ಲ. ಜಪಾನಿನಲ್ಲಿ ಇಂಗ್ಲಿಷ್ ಬೋಧನೆಯ ಸುಧಾರಣೆಗೆ ದುಡಿದ ಹೆರಾಲ್ಡ್ ಪಾಮರ್ 1933ರಲ್ಲೇ ಟೋಕಿಯೊದಿಂದ ಇಂಗ್ಲಿಷ್ ಕೊಲೊಕೇಷನ್‌ಗಳ ಬಗ್ಗೆ ವರದಿಯೊಂದನ್ನು ಹೊರತಂದರು. ಇಂಥವನ್ನು ಬಿಡಿ ಪದಗಳಿಂದ ಕಟ್ಟಲು ಹೋಗದೆ ಇಡಿಯಾಗಿಯೇ ಕಲಿಯಬೇಕು ಎಂಬುದು ಅವರ ನಿಲುವು. ಪದವನ್ನು ಅದರ ಸಹವಾಸದಿಂದ ಅರಿಯಬೇಕು ಎಂಬ ಅರ್ಥದ ಮಾತನ್ನು ಬ್ರಿಟಿಷ್ ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಬರೆದದ್ದು 1957ರಲ್ಲಿ.

ಮಕ್ಕಳಿಗೆ ಈ ಹೆಸರುಗಳು ಬೇಡ. ಕನ್ನಡದಿಂದಲೇ ತೋರಿಸಿ. ನಾವು ಗೊರಕೆ ಹೊಡೆಯುತ್ತೇವೆ, ಸೀಟಿ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಗೋಡೆಗೆ ಬಣ್ಣ ಹೊಡೆಯುತ್ತೇವೆ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಇವುಗಳಲ್ಲಿ ಪೆಟ್ಟು ಎಲ್ಲಿದೆ? ಕನ್ನಡ ಕಲಿಯುತ್ತಿರುವ ಹೊರಗಿನವರೊಬ್ಬರು ‘ಅವನು ರಾತ್ರಿಯೆಲ್ಲ ಗೊರಕೆ ಮಾಡಿದ’ ಎಂದರೆ ನಮಗೆ ಅರ್ಥವಾಗುತ್ತದೆ, ಕಿವಿಗೆ ಮಾತ್ರ ಒಗ್ಗುವುದಿಲ್ಲ. ‘ಐ ಡಿಡ್ ಎ ಮಿಸ್ಟೇಕ್’ ಇಂಗ್ಲಿಷ್ ಆಡುವವರ ಕಿವಿಗೆ ಕೇಳುವುದು ಹಾಗೆಯೇ. ಒಂದು ಪೀರಿಯಡ್‌ನ ಹತ್ತು ನಿಮಿಷ ಇದಕ್ಕೇ ಕೊಡಿ. ಇದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಹಗುರ.

ಈಗ ‘ಹಾಕು’ ನೋಡಿ. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟ್ ಹಾಕಿದರೆ ಉರಿಯುತ್ತದೆ. ಸಹಿ ಹಾಕುತ್ತೇವೆ, ರಜೆ ಹಾಕುತ್ತೇವೆ, ಬೇಲಿ ಹಾಕುತ್ತೇವೆ, ಗಿಡಕ್ಕೆ ಗೊಬ್ಬರ ಹಾಕುತ್ತೇವೆ. ಇಂಗ್ಲಿಷಿನಲ್ಲಿ ಇವು ಒಂದೊಂದೂ ಒಂದೊಂದು ದಾರಿ ಹಿಡಿಯುತ್ತವೆ: ‘ಕ್ಲೋಸ್ ದ ಡೋರ್’, ‘ಟರ್ನ್ ಆನ್ ದ ಲೈಟ್’, ‘ಸೈನ್ ದ ಫಾರ್ಮ್’, ‘ಅಪ್ಲೈ ಫಾರ್ ಲೀವ್’, ‘ಪುಟ್ ಅಪ್ ಎ ಫೆನ್ಸ್’, ‘ಅಪ್ಲೈ ಫರ್ಟಿಲೈಸರ್’. ಮಕ್ಕಳು ಬರೆದದ್ದನ್ನು ಗಮನಿಸಿ, ನಾಮಪದ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ, ಎಡವುವುದು ಕ್ರಿಯಾಪದದಲ್ಲಿ. ನಾಮಪದಕ್ಕೆ ತುಂಬು ಅರ್ಥವಿದೆ, ಅದನ್ನು ಮಗು ಬೇಕೆಂದೇ ಆರಿಸುತ್ತದೆ. ಕ್ರಿಯಾಪದ ಅಲ್ಲಿ ಬರಿಯ ಊರುಗೋಲು. ಅದನ್ನು ಕನ್ನಡದಿಂದಲೇ ಎತ್ತಿ ತಂದು ಅದರ ಮೊದಲ ಅರ್ಥಕ್ಕೆ ಅನುವಾದಿಸಿಬಿಡುತ್ತದೆ.

ಆದ್ದರಿಂದ ನೋಟ್‌ಬುಕ್ಕಿನ ತಲೆಬರಹ ನಾಮಪದವಾಗಿರಲಿ. ‘ಮೇಕ್’ ಎಂದು ತಲೆಬರಹ ಕೊಟ್ಟು ಕೆಳಗೆ ಇಪ್ಪತ್ತು ನಾಮಪದ, ‘ಡೂ’ ಎಂದು ಕೊಟ್ಟು ಮತ್ತೆ ಇಪ್ಪತ್ತು, ಇದು ಗೈಡುಗಳ ಪದ್ಧತಿ. ಬರೆಯುವಾಗ ಮಗುವಿನ ತಲೆಗೆ ಮೊದಲು ಬರುವುದು ‘ತಪ್ಪು’, ಆಮೇಲೆ ‘ಮಾಡು’. ಪುಸ್ತಕದಲ್ಲೂ ‘ಮಿಸ್ಟೇಕ್’ ತೆರೆದರೆ ‘ಮೇಕ್ ಎ’ ಸಿಗಬೇಕು.

ಕಾಫಿಕಣ

ಮೇಲಿನ ಮಾತಿಗೆ ನಮ್ಮ ಜಿಲ್ಲೆಯ ಉದಾಹರಣೆ ಸೇರಿಸುತ್ತೇನೆ. ಮಕ್ಕಳಿಗೆ ಕೈಯಳತೆಯಲ್ಲಿರುವ ಕೆಲಸಗಳಿಂದಲೇ ಹೊರಟರೆ ಜೋಡಿಗಳು ಬೇಗ ನಿಲ್ಲುತ್ತವೆ.

‘ಕುಯ್ಯು’ ಎಂಬ ಒಂದೇ ಪದ ತೆಗೆದುಕೊಳ್ಳಿ. ಕಾಫಿ ಕುಯ್ಯುತ್ತೇವೆ, ಭತ್ತ ಕುಯ್ಯುತ್ತೇವೆ, ಹುಲ್ಲು ಕುಯ್ಯುತ್ತೇವೆ, ಹೂ ಕುಯ್ಯುತ್ತೇವೆ. ಇಂಗ್ಲಿಷಿನಲ್ಲಿ ‘ಪಿಕ್ ಕಾಫಿ’, ‘ಹಾರ್ವೆಸ್ಟ್ ಪ್ಯಾಡಿ’, ‘ಕಟ್ ಗ್ರಾಸ್’, ‘ಪಿಕ್ ಫ್ಲವರ್ಸ್’. ಟೀ ಎಲೆಗೆ ಬಂದರೆ ‘ಪ್ಲಕ್ ಟೀ’. ಕಾಫಿಗೆ ‘ಪಿಕ್’, ಟೀಗೆ ‘ಪ್ಲಕ್’, ಎರಡೂ ಕೈಯಲ್ಲೇ ಬಿಡಿಸುವ ಕೆಲಸವಾದರೂ. ‘ಕಟ್ ಕಾಫಿ’ ಎಂದು ಬರೆದರೆ ಗಿಡವನ್ನೇ ಕಡಿದಂತೆ ಓದಿಸಿಕೊಳ್ಳುತ್ತದೆ. ಜೋಡಿ ತಪ್ಪಿದಾಗ ಬರೀ ಕಿವಿಗೆ ಒಗ್ಗದಿರುವುದಷ್ಟೇ ಅಲ್ಲ, ಅರ್ಥವೂ ಕೈತಪ್ಪಬಹುದು.

ತೋಟದ ಉಳಿದ ಕೆಲಸಗಳೂ ಹೀಗೆಯೇ. ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುವುದು ‘ಲಾಪ್ ದ ಶೇಡ್ ಟ್ರೀಸ್’, ಗಿಡ ಕಪಾತು (ರೆಂಬೆ ಕತ್ತರಿಸುವುದು) ಮಾಡುವುದು ‘ಪ್ರೂನ್ ದ ಪ್ಲಾಂಟ್ಸ್’, ಕಳೆ ಕೀಳುವುದು ‘ಪುಲ್ ಔಟ್ ವೀಡ್ಸ್’, ಔಷಧಿ ಹೊಡೆಯುವುದು ‘ಸ್ಪ್ರೇ’. ಕನ್ನಡದಲ್ಲಿ ನಾಲ್ಕರಲ್ಲಿ ಎರಡು ‘ಮಾಡು’, ಇಂಗ್ಲಿಷಿನ ನಾಲ್ಕರಲ್ಲಿ ಒಂದೂ ‘ಡೂ’ ಇಲ್ಲ.

ನಾಮಪದದ ಮೇಲೆ ನಾಮಪದ ಕೂರುವ ಜೋಡಿಗಳೂ ಇವೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಬಿದ್ದು ಕಾಫಿ ಅರಳಿಸುವ ಹೂಮಳೆಗೆ ‘ಬ್ಲಾಸಮ್ ಶವರ್ಸ್’, ಆಮೇಲೆ ಕಾಯಿ ಕಚ್ಚಲು ಬೇಕಾದ ಮಳೆಗೆ ‘ಬ್ಯಾಕಿಂಗ್ ಶವರ್ಸ್’. ಇಲ್ಲಿ ‘ಫ್ಲವರ್ ರೇನ್’ ಎಂದರೆ ಕಾಫಿ ವ್ಯವಹಾರದವರಿಗೆ ತಿಳಿಯುವುದಿಲ್ಲ. ಮಾರುಕಟ್ಟೆ ದರದ ಪಟ್ಟಿಯನ್ನೇ ತರಗತಿಗೆ ತನ್ನಿ: ‘ಅರೇಬಿಕಾ ಪಾರ್ಚ್‌ಮೆಂಟ್’, ‘ರೋಬಸ್ಟಾ ಚೆರ್ರಿ’. ಮಕ್ಕಳು ಮನೆಯಲ್ಲಿ ದಿನಾ ಕೇಳುವ ಮಾತು. ತಮಗೆ ಕೊಲೊಕೇಷನ್ ಆಗಲೇ ಬರುತ್ತದೆ ಎಂಬ ಧೈರ್ಯ ಅಲ್ಲಿಂದ ಸಿಗುತ್ತದೆ.

ಇನ್ನು ಹಾಕಿ. ‘ವಿ ವನ್ ದೆಮ್’ ಎಂಬ ತಪ್ಪು ಕೊಡಗಿನ ಮಕ್ಕಳಲ್ಲಿ ಉಳಿಯಬಾರದು, 1997ರಲ್ಲಿ ಕರಡದಿಂದ ಶುರುವಾದ ಕೌಟುಂಬಿಕ ಹಾಕಿ ಉತ್ಸವದ ನಾಡು ಇದು. ಕನ್ನಡದಲ್ಲೇ ವ್ಯತ್ಯಾಸ ಇದೆ: ಪಂದ್ಯ ಗೆಲ್ಲುತ್ತೇವೆ, ಎದುರಾಳಿಯನ್ನು ಸೋಲಿಸುತ್ತೇವೆ. ‘ವಿನ್ ಎ ಮ್ಯಾಚ್’, ‘ಬೀಟ್ ಎ ಟೀಮ್’. ‘ಅವರನ್ನು ಗೆದ್ದೆವು’ ಎಂದೂ ಕನ್ನಡದಲ್ಲಿ ಹೇಳುತ್ತೇವಲ್ಲ, ತಪ್ಪು ಅಲ್ಲಿಂದ ನುಸುಳುತ್ತದೆ. ಜೊತೆಗೆ ‘ಸ್ಕೋರ್ ಎ ಗೋಲ್’, ‘ಕನ್ಸೀಡ್ ಎ ಗೋಲ್’, ‘ಟೇಕ್ ಎ ಪೆನಾಲ್ಟಿ ಕಾರ್ನರ್’, ‘ಕನ್ವರ್ಟ್ ಎ ಪೆನಾಲ್ಟಿ ಕಾರ್ನರ್’. ಪಂದ್ಯದ ಐದು ವಾಕ್ಯದ ವರದಿ ಬರೆಸಿದರೆ ಇಷ್ಟೂ ತಾವಾಗಿ ಬೇಕಾಗುತ್ತವೆ.

ಮಂಜಿನೂರು

ಹತ್ತು ನಿಮಿಷದಲ್ಲಿ ಮಾಡಿಸುವ ಕ್ರಮವನ್ನೇ ಹೇಳುತ್ತೇನೆ. ಬೇರೆ ಪಟ್ಟಿ ಬೇಡ. ಆ ದಿನ ಓದಿಸಿದ ಪಾಠದ ಒಂದು ಪ್ಯಾರಾ ಸಾಕು.

ಅರ್ಥವೆಲ್ಲ ಮುಗಿದ ಮೇಲೆ ಅದೇ ಪ್ಯಾರಾಕ್ಕೆ ಮತ್ತೆ ಹೋಗಿ ಮೂರು ಜೋಡಿಗಳಿಗೆ ಗೆರೆ ಎಳೆಸಿ. ಆರಿಸುವಾಗ ಮೂರು ಪರೀಕ್ಷೆ ಇಡಿ. ಎರಡೂ ಪದಗಳು ಮಕ್ಕಳಿಗೆ ಬಿಡಿಯಾಗಿ ಗೊತ್ತಿರಬೇಕು. ಕನ್ನಡದಲ್ಲಿ ಅದಕ್ಕೆ ಬೇರೆ ಕ್ರಿಯಾಪದ ಇರಬೇಕು. ನಾಳೆ ನಾಡಿದ್ದು ಅವರೇ ಬರೆಯಬೇಕಾಗಿ ಬರುವಂಥದ್ದಾಗಿರಬೇಕು. ‘ಆಸ್ಕ್ ಎ ಕ್ವೆಶ್ಚನ್’, ‘ಟೇಕ್ ಎ ಫೋಟೋ’, ‘ಸೇವ್ ಟೈಮ್’ ಇವನ್ನು ಬಿಟ್ಟುಬಿಡಿ. ಪ್ರಶ್ನೆ ಕೇಳು, ಫೋಟೋ ತೆಗೆ, ಸಮಯ ಉಳಿಸು ಎಂದು ಕನ್ನಡ ತಾನೇ ಅಲ್ಲಿಗೆ ಕರೆದೊಯ್ಯುತ್ತದೆ. ‘ಪೇ ಅಟೆನ್ಷನ್’, ‘ಪ್ಲೇ ಎ ರೋಲ್’, ‘ಹ್ಯಾವ್ ಎ ಡ್ರೀಮ್’ ಹಿಡಿಯಿರಿ. ನಾವು ಗಮನ ಕೊಡುತ್ತೇವೆ, ಪಾತ್ರ ವಹಿಸುತ್ತೇವೆ, ಕನಸು ಕಾಣುತ್ತೇವೆ. ದಾರಿ ಕವಲೊಡೆಯುವುದು ಅಲ್ಲೇ.

ನೋಟ್‌ಬುಕ್ಕಿನ ಎಡ ಪುಟದಲ್ಲಿ ಇಡೀ ಇಂಗ್ಲಿಷ್ ಜೋಡಿ, ‘ಎ’, ‘ದ’, ‘ಟು’, ‘ಇನ್’ ಎಲ್ಲ ಸೇರಿಸಿ. ಬಲ ಪುಟದಲ್ಲಿ ಅದರ ಎದುರಿಗೇ ಕನ್ನಡದ ಇಡೀ ಜೋಡಿ. ‘ಪೇ’ ಎಂದರೆ ಏನು ಎಂದು ಬಿಡಿಸಿ ಬರೆಯುವುದು ಬೇಡ. ಬಿಡಿಸಿದ ಕೂಡಲೇ ಮಗು ಅದನ್ನು ಮತ್ತೆ ತನ್ನ ಬುದ್ಧಿಯಿಂದ ಜೋಡಿಸಲು ಹೊರಡುತ್ತದೆ. ‘ಮೇಕ್ ಮಿಸ್ಟೇಕ್’ ಎಂದು ಮೊಟಕು ಮಾಡಿ ಬರೆದರೆ ಹತ್ತನೇ ತರಗತಿಯವರೆಗೂ ‘ಐ ಮೇಡ್ ಮಿಸ್ಟೇಕ್’ ಎಂದೇ ಉಳಿಯುತ್ತದೆ. ‘ಡೂ ಹೋಮ್‌ವರ್ಕ್’ಗೆ ‘ಎ’ ಇಲ್ಲ, ‘ಹ್ಯಾವ್ ಎ ಬಾತ್’ಗೆ ಇದೆ, ‘ಗೋ ಟು ಬೆಡ್’ಗೆ ‘ದ’ ಇಲ್ಲ. ಆರ್ಟಿಕಲ್‌ಗಳ ಬಹಳಷ್ಟು ತಪ್ಪು ಈ ಒಂದು ಅಭ್ಯಾಸದಿಂದಲೇ ಕಡಿಮೆಯಾಗುತ್ತದೆ.

ಮರುದಿನ ಪಾಠ ಶುರುವಾಗುವ ಮೊದಲು ಎರಡು ನಿಮಿಷ: ನೀವು ಕನ್ನಡ ಜೋಡಿ ಹೇಳಿ, ಮಕ್ಕಳು ಪುಸ್ತಕ ಮುಚ್ಚಿ ಇಂಗ್ಲಿಷ್ ಜೋಡಿ ಹೇಳಲಿ. ಮೂರನೇ ದಿನ ತಮ್ಮದೇ ವಾಕ್ಯ. ಒಂದು ವಾರಕ್ಕೆ ಮತ್ತೊಮ್ಮೆ, ಮೂರು ವಾರಕ್ಕೆ ಇನ್ನೊಮ್ಮೆ. ಮರೆಯುವ ಹಂತಕ್ಕೆ ಬಂದಾಗ ನೆನಪಿಸಿಕೊಂಡದ್ದು ಹೆಚ್ಚು ಕಾಲ ನಿಲ್ಲುತ್ತದೆ. ಒಂದೇ ದಿನ ಹತ್ತು ಸಲ ಬರೆಸಿದ ಇಂಪೋಸಿಷನ್ ವಾರಕ್ಕೆಲ್ಲ ಅಳಿಸಿಹೋಗುತ್ತದೆ. ದಿನಕ್ಕೆ ಮೂರರಂತೆ ವಾರಕ್ಕೆ ನಾಲ್ಕು ದಿನ, ಒಟ್ಟು ಹನ್ನೆರಡು. ಐದನೇ ದಿನ ಹೊಸದು ಬೇಡ, ಹಳೆಯದರ ಪುನರಾವರ್ತನೆ ಮಾತ್ರ. ಹನ್ನೆರಡು ಕಡಿಮೆ ಅನ್ನಿಸಬಹುದು. ಆದರೆ ಮೂವತ್ತು ಕೊಟ್ಟು ಎರಡು ಉಳಿಸಿಕೊಳ್ಳುವುದಕ್ಕಿಂತ ಇದು ಲೇಸು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಅಭ್ಯಾಸ ಹಿಂದಿರುಗಿಸಿ ಅನುವಾದಿಸುವುದು. ಇಂಗ್ಲಿಷಿನ ಎರಡು ಮೂರು ವಾಕ್ಯ ಕೊಡಿ. ಮಕ್ಕಳು ಸಹಜ ಕನ್ನಡಕ್ಕೆ ತರಲಿ. ಮೂಲವನ್ನು ಎತ್ತಿಡಿ. ಎರಡು ದಿನ ಬಿಟ್ಟು ಅವರದೇ ಕನ್ನಡದಿಂದ ಇಂಗ್ಲಿಷಿಗೆ ಮರಳಲಿ, ಆಮೇಲೆ ಮೂಲದ ಪಕ್ಕಕ್ಕಿಟ್ಟು ನೋಡಿ. ಮೂಲ ಹೀಗಿದೆ ಎಂದುಕೊಳ್ಳಿ: ‘ಇಟ್ ರೇನ್ಡ್ ಹೆವಿಲಿ ಆಲ್ ನೈಟ್. ಎ ಟ್ರೀ ಫೆಲ್ ಅಕ್ರಾಸ್ ದ ರೋಡ್ ಅಂಡ್ ದ ಪವರ್ ವೆಂಟ್ ಔಟ್.’ ಕನ್ನಡದಲ್ಲಿ: ‘ರಾತ್ರಿಯಿಡೀ ಜೋರು ಮಳೆ ಬಂತು. ರಸ್ತೆಗೆ ಅಡ್ಡಲಾಗಿ ಮರ ಬಿದ್ದು ಕರೆಂಟ್ ಹೋಯಿತು.’ ಮರಳಿ ಬರುವುದು ಬಹುಶಃ ಹೀಗೆ: ‘ಆಲ್ ನೈಟ್ ಸ್ಟ್ರಾಂಗ್ ರೇನ್ ಕೇಮ್. ಟ್ರೀ ಫೆಲ್ ಕ್ರಾಸ್ ಟು ದ ರೋಡ್ ಅಂಡ್ ಕರೆಂಟ್ ವೆಂಟ್.’

ಇಲ್ಲಿ ಟೀಚರ್ ತಿದ್ದಬೇಕಾಗಿಯೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಗುವೇ ನಾಲ್ಕು ಕಡೆ ಬೆರಳಿಡುತ್ತದೆ. ಕನ್ನಡದಲ್ಲಿ ಮಳೆ ‘ಬರುತ್ತದೆ’, ಇಂಗ್ಲಿಷಿನಲ್ಲಿ ‘ರೇನ್’ ತಾನೇ ಕ್ರಿಯಾಪದವಾಗುತ್ತದೆ. ‘ಜೋರು’ ಎಂಬುದು ‘ಹೆವಿಲಿ’ ಆಯಿತು. ‘ಅಡ್ಡಲಾಗಿ’ ಎಂಬುದಕ್ಕೆ ‘ಅಕ್ರಾಸ್’ ಒಂದೇ ಸಾಕು. ಕರೆಂಟ್ ಹೋಗುವುದು ‘ದ ಪವರ್ ವೆಂಟ್ ಔಟ್’. ತಪ್ಪು ಎಲ್ಲಿದೆ ಎಂದು ತಾನೇ ಕಂಡುಕೊಂಡ ಮಗು ಅದನ್ನು ಮರೆಯುವುದು ಅಪರೂಪ. ಒಂದು ಎಚ್ಚರಿಕೆ: ಕನ್ನಡ ಅನುವಾದ ಸಹಜವಾಗಿರಬೇಕು. ಇಂಗ್ಲಿಷಿಗೆ ಅಂಟಿಕೊಂಡು ‘ಶಕ್ತಿಯು ಹೊರಗೆ ಹೋಯಿತು’ ಎಂಬಂತೆ ಬರೆದರೆ ಮರಳುವಾಗ ಸುಲಭ, ಕಲಿಕೆ ಶೂನ್ಯ. ಮನೆಯಲ್ಲಿ ಕೊಡವ, ಅರೆಭಾಷೆ, ಮಲಯಾಳ, ತುಳು ಆಡುವ ಮಕ್ಕಳಿದ್ದರೆ ಅವರವರ ಭಾಷೆಯ ಜೋಡಿಯನ್ನೂ ಪಕ್ಕಕ್ಕೆ ಬರೆದುಕೊಳ್ಳಲಿ. ತಪ್ಪಿನ ಬೇರು ಕೆಲವೊಮ್ಮೆ ಅಲ್ಲಿರುತ್ತದೆ.

ಹಾರಂಗಿ ತೀರ

ಎಲ್ಲರಿಗೂ ಧನ್ಯವಾದ. ನಾಮಪದದ ತಲೆಬರಹ, ಹಿಂದಿರುಗಿಸುವ ಅನುವಾದ ಎರಡೂ ಸೋಮವಾರದಿಂದಲೇ ಶುರು. ಇನ್ನೆರಡು ಸಂದೇಹ ಉಳಿದಿವೆ.

ಹತ್ತನೇ ತರಗತಿಯ ದ್ವಿತೀಯ ಭಾಷೆ ಪತ್ರಿಕೆಯಲ್ಲಿ ‘ಕೊಲೊಕೇಟಿವ್ ವರ್ಡ್’ ಜೋಡಿಸುವ ಒಂದಂಕದ ಪ್ರಶ್ನೆ ಬರುತ್ತದಲ್ಲ, ಅದಕ್ಕೆ ಹೊಂದಿಸಿ ಬರೆಯಿರಿ ಮಾದರಿಯಲ್ಲೇ ಅಭ್ಯಾಸ ಮಾಡಿಸುವುದು ರೂಢಿ. ಅದು ಸರಿಯೇ? ಎರಡನೆಯದು, ‘ರೈಟ್ ಆ್ಯನ್ ಎಗ್ಸಾಮ್’, ‘ಟೇಕ್ ಎ ಡಿಸಿಷನ್’ ಇಂಥವನ್ನು ತಪ್ಪು ಎಂದು ಹೊಡೆದು ಹಾಕಬೇಕೇ? ನಾವೆಲ್ಲ ಹಾಗೆಯೇ ಹೇಳುತ್ತೇವಲ್ಲ. ಒಂದು ಜೋಡಿ ಬಳಕೆಯಲ್ಲಿದೆಯೋ ಇಲ್ಲವೋ ಎಂದು ಟೀಚರ್ ಆದವರು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಪದಸಂಗಾತಿ

ಮೊದಲನೆಯದಕ್ಕೆ ಉತ್ತರ: ಪರೀಕ್ಷೆಯ ನಮೂನೆ ತೋರಿಸಲು ಕೊನೆಯ ತಿಂಗಳಲ್ಲಿ ನಾಲ್ಕಾರು ಸಲ ಸಾಕು. ಕಲಿಸುವ ವಿಧಾನವಾಗಿ ಮಾತ್ರ ಅದು ಬೇಡ. ಭಾಷಾ ಕಲಿಕೆಯ ಸಂಶೋಧಕ ಫ್ರಾಂಕ್ ಬೋರ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಕ್ರಿಯಾಪದ ಒಂದು ಕಡೆ, ನಾಮಪದ ಇನ್ನೊಂದು ಕಡೆ ಒಡೆದಿಟ್ಟು ಜೋಡಿಸಲು ಹೇಳುವ ಅಭ್ಯಾಸಗಳಿಂದ ಸಿಕ್ಕ ಲಾಭ ಅಲ್ಪ. ಅಭ್ಯಾಸದ ವೇಳೆ ತಪ್ಪಾಗಿ ಜೋಡಿಸಿದ್ದು ಉತ್ತರ ತಿಳಿಸಿದ ಮೇಲೂ ಕೆಲವರ ತಲೆಯಲ್ಲಿ ಉಳಿದುಬಿಟ್ಟಿತ್ತು. ಕಾರಣ ಸರಳ. ಎ ಕಾಲಂನ ‘ಮೇಕ್, ಡೂ, ಟೇಕ್, ಪೇ’ಯನ್ನು ಬಿ ಕಾಲಂನ ನಾಲ್ಕು ನಾಮಪದಗಳ ಜೊತೆ ಮನಸ್ಸಿನಲ್ಲೇ ಇಟ್ಟು ನೋಡುವಾಗ ಮಗು ಹದಿನಾರು ಜೋಡಿಗಳನ್ನು ಓದಿಕೊಳ್ಳುತ್ತದೆ. ಅದರಲ್ಲಿ ಹನ್ನೆರಡು ತಪ್ಪು. ಕಣ್ಣಿಗೆ ಬಿದ್ದದ್ದೆಲ್ಲ ನೆನಪಿಗೆ ಸೇರುತ್ತದೆ, ತಪ್ಪು ಸರಿ ಎಂದು ಸೋಸಿಕೊಂಡು ಸೇರುವುದಿಲ್ಲ.

ಬದಲಿಗೆ ಇಡೀ ಜೋಡಿಯನ್ನೇ ಕೊಟ್ಟು, ವಾಕ್ಯದಲ್ಲಿ ಜಾಗ ಖಾಲಿ ಬಿಡಿ. ಮೇಲೆ ಡಬ್ಬಿಯಲ್ಲಿ ‘ಪೇ ಅಟೆನ್ಷನ್’, ‘ಮೇಕ್ ಎ ಮಿಸ್ಟೇಕ್’, ‘ಹ್ಯಾವ್ ಎ ಡ್ರೀಮ್’ ಇಡಿಯಾಗಿ ಇರಲಿ, ಕೆಳಗಿನ ಮೂರು ವಾಕ್ಯಗಳಲ್ಲಿ ಯಾವುದು ಎಲ್ಲಿಗೆ ಎಂದು ಕೇಳಿ. ಜೋಡಿ ಎಲ್ಲೂ ಒಡೆಯುವುದಿಲ್ಲ. ಇದೇ ಕಾರಣಕ್ಕೆ ‘ಮೇಕ್’ ಮತ್ತು ‘ಡೂ’ ಜೋಡಿಗಳನ್ನು ಒಂದೇ ದಿನ ಕಲಿಸಬೇಡಿ. ಇವತ್ತು ‘ಮೇಕ್ ಆ್ಯನ್ ಎಫರ್ಟ್’ ಆದರೆ ‘ಡೂ ಬಿಸಿನೆಸ್’ ಮುಂದಿನ ವಾರಕ್ಕೆ. ‘ಬಿಗ್, ಲಾರ್ಜ್, ಗ್ರೇಟ್’ ಇಂಥ ಹತ್ತಿರದ ಅರ್ಥದ ಪದಗಳಿಗೂ ಇದೇ ಮಾತು. ಒಟ್ಟಿಗೆ ಬಂದ ಅವಳಿಗಳು ಒಂದನ್ನೊಂದು ಕೆಡಿಸುತ್ತವೆ.

ಅಂದಹಾಗೆ ಪರೀಕ್ಷೆಯ ಆ ಪ್ರಶ್ನೆಯಲ್ಲಿ ಸಾಮಾನ್ಯವಾಗಿ ಕೇಳುವುದು ‘ಟ್ರಾಫಿಕ್ ಲೈಟ್’ ಥರದ ನಾಮಪದದ ಜೋಡಿಗಳನ್ನು. ಪತ್ರಲೇಖನ, ಪ್ರಬಂಧದಲ್ಲಿ ಅಂಕ ಕಳೆಯುವುದು ಕ್ರಿಯಾಪದದ ಜೋಡಿಗಳು. ಒಂದಂಕಕ್ಕಾಗಿ ಮೊದಲನೆಯದಕ್ಕೇ ಸಮಯವೆಲ್ಲ ಸುರಿಯುವುದು ನ್ಯಾಯವಲ್ಲ.

ಎರಡನೆಯದು. ‘ಟೇಕ್ ಎ ಡಿಸಿಷನ್’ ಬ್ರಿಟಿಷ್ ಬಳಕೆಯಲ್ಲೂ ಇದೆ, ‘ಮೇಕ್ ಎ ಡಿಸಿಷನ್’ ಹೆಚ್ಚು ವ್ಯಾಪಕ, ಅಷ್ಟೇ. ಅದಕ್ಕೆ ಗೆರೆ ಎಳೆಯಬೇಡಿ. ‘ರೈಟ್ ಆ್ಯನ್ ಎಗ್ಸಾಮ್’ ನಮ್ಮ ಪರೀಕ್ಷೆ ಬರೆಯುವುದರಿಂದ ಬಂದದ್ದು, ದಕ್ಷಿಣ ಭಾರತದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹಿಂದಿಯವರು ಪರೀಕ್ಷೆ ‘ಕೊಡುತ್ತಾರೆ’, ಹಾಗಾಗಿ ಅವರ ಇಂಗ್ಲಿಷಿನಲ್ಲಿ ‘ಗಿವ್ ಆ್ಯನ್ ಎಗ್ಸಾಮ್’. ಬ್ರಿಟನ್‌ನಲ್ಲಿ ‘ಸಿಟ್’ ಅಥವಾ ‘ಟೇಕ್’, ಅಮೆರಿಕದಲ್ಲಿ ‘ಟೇಕ್’. ಮಕ್ಕಳಿಗೆ ಹೀಗೆ ಹೇಳಿ: ಇಲ್ಲಿ ‘ರೈಟ್’ ನಡೆಯುತ್ತದೆ, ಹೊರಗಿನವರಿಗೆ ಬರೆಯುವಾಗ ‘ಟೇಕ್’ ಇರಲಿ. ಮುಂದೆ ನರ್ಸಿಂಗ್‌ಗೋ ಓದಿಗೋ ಹೊರದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ತೆಗೆದುಕೊಳ್ಳುವವರಿಗೆ ಇದು ಬೇಕೇ ಬೇಕು. ಅಲ್ಲಿ ಬರವಣಿಗೆ ಮತ್ತು ಮಾತು ಎರಡರಲ್ಲೂ ಅಂಕದ ಕಾಲು ಭಾಗ ಪದಸಂಪತ್ತಿಗೆ, ಮೇಲಿನ ಬ್ಯಾಂಡ್‌ಗಳ (ಅಂಕದ ದರ್ಜೆಗಳ) ವಿವರಣೆಯಲ್ಲಿ ಕೊಲೊಕೇಷನ್ ಎಂಬ ಪದವೇ ಇದೆ. ‘ಡಿಡ್ ಎ ಮಿಸ್ಟೇಕ್’, ‘ಪುಟ್ ದ ಡೋರ್’ ಮಾತ್ರ ಎಲ್ಲೂ ನಡೆಯುವುದಿಲ್ಲ. ನಿಮ್ಮ ಸಮಯ ಅವುಗಳಿಗೆ.

ಎಣಿಕೆ

ಖಾತ್ರಿ ಮಾಡಿಕೊಳ್ಳುವ ಬಗ್ಗೆ ನಾನು ಬರೆಯುತ್ತೇನೆ. ಇಲ್ಲಿ ಊಹೆ ಬೇಡ, ಎಣಿಸಿಟ್ಟವರಿದ್ದಾರೆ.

ನಿಜವಾದ ಬರಹ ಮತ್ತು ಮಾತುಗಳನ್ನು ಒಟ್ಟುಮಾಡಿದ ಭಂಡಾರಕ್ಕೆ ಕಾರ್ಪಸ್ ಎನ್ನುತ್ತಾರೆ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾಷಾವಿಜ್ಞಾನಿ ಜಾನ್ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ ಇಂಥ ಭಂಡಾರದ ಮೇಲೆಯೇ ಕಟ್ಟಿದ ಕೋಬಿಲ್ಡ್ ನಿಘಂಟು 1987ರಲ್ಲಿ ಬಂತು. ಜೋಡಿಗಳಿಗೇ ಮೀಸಲಾದ ಆಕ್ಸ್‌ಫರ್ಡ್ ಕೊಲೊಕೇಷನ್ಸ್ ಡಿಕ್ಷನರಿಯ ಮೊದಲ ಮುದ್ರಣ 2002ರದ್ದು. ಶಾಲೆಗೆ ಒಂದು ಪ್ರತಿ ಇರಲಿ. ಅದರಲ್ಲಿ ಹುಡುಕಬೇಕಾದದ್ದು ನಾಮಪದವನ್ನು. ‘ರೇನ್’ ತೆರೆದರೆ ಅದಕ್ಕೆ ಸೇರುವ ವಿಶೇಷಣ, ಕ್ರಿಯಾಪದ, ಪ್ರಿಪೊಸಿಷನ್ ಬೇರೆ ಬೇರೆಯಾಗಿ ಸಿಗುತ್ತವೆ. ‘ಹೆವಿ’ ತೆರೆದು ಹುಡುಕಲು ಹೋದರೆ ಬೇಕಾದದ್ದು ಸಿಗುವುದು ಕಷ್ಟ.

ಮೊಬೈಲ್‌ನಲ್ಲಾದರೆ ‘ಸ್ಕೆಲ್’ (SkELL) ಎಂಬ ತಾಣ ಕಲಿಯುವವರಿಗಾಗಿಯೇ ಮಾಡಿದ್ದು, ಉಚಿತ. ಪದ ಹಾಕಿದರೆ ಉದಾಹರಣೆ ವಾಕ್ಯಗಳು ಬರುತ್ತವೆ. ‘ವರ್ಡ್ ಸ್ಕೆಚ್’ ಒತ್ತಿದರೆ ಆ ಪದದ ಒಡನಾಡಿಗಳು ಗುಂಪುಗುಂಪಾಗಿ ಕಾಣುತ್ತವೆ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ವಾರದ ಹನ್ನೆರಡು ನಾಮಪದಗಳ ಪುಟವನ್ನು ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೂಗಲ್‌ನಲ್ಲಿ ಹುಡುಕಿ ‘ಇಷ್ಟು ಲಕ್ಷ ಫಲಿತಾಂಶ’ ಎಂಬುದನ್ನು ನೆಚ್ಚಬೇಡಿ. ಅದು ಅಂದಾಜು ಸಂಖ್ಯೆ, ನಮ್ಮಂಥವರೇ ಬರೆದ ತಪ್ಪುಗಳೂ ಅದರೊಳಗಿರುತ್ತವೆ.

ಆಸಕ್ತರಿಗೆ, ಜೋಡಿ ಎಷ್ಟು ಗಟ್ಟಿ ಎಂದು ಅಳೆಯುವ ಲೆಕ್ಕ ಹೀಗಿದೆ. ಕೆಳಗಿನ ಅಂಕಿಗಳು ಬರೀ ಲೆಕ್ಕಕ್ಕೆ ಇಟ್ಟುಕೊಂಡವು. 1 ಕೋಟಿ ಪದಗಳ ಭಂಡಾರದಲ್ಲಿ ಒಂದು ಪದ 1,000 ಸಲ, ಇನ್ನೊಂದು 2,000 ಸಲ ಬಂದಿದೆ ಎನ್ನಿ. ಎರಡಕ್ಕೂ ಯಾವ ನಂಟೂ ಇಲ್ಲದಿದ್ದರೆ ಅವು ಅಕ್ಕಪಕ್ಕ ಬೀಳಬೇಕಾದದ್ದು 1,000 ಗುಣಿಸು 2,000, ಭಾಗಿಸು 1 ಕೋಟಿ, ಅಂದರೆ 0.2 ಸಲ. ನಿಜಕ್ಕೂ 13 ಸಲ ಬಂದಿದ್ದರೆ ಅದು 65 ಪಟ್ಟು. 2 ಎಂಬ ಅಂಕಿಯನ್ನು ಎಷ್ಟು ಸಲ ಗುಣಿಸಿಕೊಂಡರೆ 65 ಆಗುತ್ತದೆ? ಆರು ಸಲಕ್ಕೆ 64. ಹಾಗಾಗಿ ಇದರ ಎಂಐ (ಮ್ಯೂಚುಯಲ್ ಇನ್ಫರ್ಮೇಷನ್) ಅಂಕ 6ಕ್ಕಿಂತ ಚೂರು ಹೆಚ್ಚು. 3 ದಾಟಿದರೆ ಗಟ್ಟಿ ಜೋಡಿ ಎಂಬುದು ರೂಢಿಯ ಅಳತೆ.

ಈ ಅಂಕಕ್ಕೆ ಒಂದು ಕುಂದು ಇದೆ. ತೀರಾ ಅಪರೂಪದ ಪದಗಳನ್ನು ಅದು ಮೇಲಕ್ಕೆ ಎತ್ತಿಬಿಡುತ್ತದೆ. ಎರಡೇ ಸಲ ಬಂದ ವಿಚಿತ್ರ ಜೋಡಿಯೂ ಪಟ್ಟಿಯ ತಲೆಗೆ ಏರುತ್ತದೆ. ಟಿ-ಸ್ಕೋರ್ ಎಂಬ ಇನ್ನೊಂದು ಅಳತೆ ಪದೇ ಪದೇ ಬರುವ ಜೋಡಿಗಳನ್ನು ಎತ್ತಿಹಿಡಿಯುತ್ತದೆ. ಮೇಲಿನ ಲೆಕ್ಕದಲ್ಲಿ 13ರಿಂದ 0.2 ಕಳೆದು, 13ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 3.5 ಬರುತ್ತದೆ. ಇಲ್ಲಿ 2 ದಾಟಿದರೆ ಸಾಕು. ಪ್ರೌಢಶಾಲೆಯ ಮಕ್ಕಳಿಗೆ ಆರಿಸುವಾಗ ಎರಡನೆಯದನ್ನೇ ನೋಡಿ. ಅವರಿಗೆ ಬೇಕಾದದ್ದು ದಿನಾ ಸಿಗುವ ಜೋಡಿ.

ಕಾಫಿಕಣ

ಅಳತೆಯ ಮಾತು ಬಂದದ್ದರಿಂದ ಒಂದು ಸಣ್ಣ ಸೇರ್ಪಡೆ. ಎರಡು ಪದಕ್ಕೇ ನಿಲ್ಲಿಸಬೇಡಿ, ಹತ್ತನೇ ತರಗತಿಯವರಿಗೆ ಮೂರರ ಸರಪಳಿಯೂ ಬರಲಿ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಕುಸಿದಾಗಿನಿಂದ ಇಂಗ್ಲಿಷ್ ಪತ್ರಿಕೆಗಳಲ್ಲಿ ಪ್ರತಿ ಮಳೆಗಾಲ ಕಾಣುವ ವಾಕ್ಯ: ‘ಹೆವಿ ರೇನ್ ಟ್ರಿಗರ್ಡ್ ಲ್ಯಾಂಡ್‌ಸ್ಲೈಡ್ಸ್.’ ‘ಹೆವಿ’ ಮಳೆಗೆ ಅಂಟಿದೆ, ‘ಟ್ರಿಗರ್’ ಭೂಕುಸಿತಕ್ಕೆ ಅಂಟಿದೆ. ಮಕ್ಕಳು ಬರೆಯುವುದು ‘ಲ್ಯಾಂಡ್‌ಸ್ಲೈಡ್ ಬಿಕೇಮ್’, ಕನ್ನಡದ ‘ಭೂಕುಸಿತ ಆಯಿತು’ ಅದಕ್ಕೆ ಮೂಲ. ಮುಂದುವರಿದರೆ ‘ದ ರೋಡ್ ವಾಸ್ ಬ್ಲಾಕ್ಡ್’, ‘ಸ್ಕೂಲ್ಸ್ ರಿಮೇನ್ಡ್ ಕ್ಲೋಸ್ಡ್’. ಜೂನ್-ಜುಲೈನಲ್ಲಿ ಒಂದು ವಾರದ ಪತ್ರಿಕೆಯ ತುಣುಕು ಸಾಕು, ಹನ್ನೆರಡು ಜೋಡಿ ಅಲ್ಲೇ ಸಿಗುತ್ತವೆ. ಮೂರು ನಾಲ್ಕು ದಿನ ಅವೇ ಮತ್ತೆ ಮತ್ತೆ ಬರುವುದರಿಂದ ಪುನರಾವರ್ತನೆಯೂ ತಾನಾಗಿ ಆಗುತ್ತದೆ.

ಹಾರಂಗಿ ತೀರ

ಸೋಮವಾರಕ್ಕೆ ಹೀಗೆ ಇಟ್ಟುಕೊಂಡಿದ್ದೇನೆ: ನಾಮಪದ ‘ರೇನ್’, ‘ಮಿಸ್ಟೇಕ್’, ‘ಮ್ಯಾಚ್’. ಜೋಡಿ ‘ಹೆವಿ ರೇನ್’, ‘ಮೇಕ್ ಎ ಮಿಸ್ಟೇಕ್’, ‘ವಿನ್ ಎ ಮ್ಯಾಚ್’. ಮ್ಯಾಚ್ ಜೊತೆಗೇ ‘ಬೀಟ್ ಎ ಟೀಮ್’ ಕೂಡ ಕೊಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದಲ್ಲವೇ?

ಮಂಜಿನೂರು

ಅದೇ ದಿನ ಬೇಡ. ‘ವಿನ್’ ಮತ್ತು ‘ಬೀಟ್’ ಒಟ್ಟಿಗೆ ಬಂದರೆ ಮೇಲೆ ಹೇಳಿದ ಅವಳಿ ತೊಂದರೆಯೇ ಆಗುತ್ತದೆ. ಸೋಮವಾರ ‘ವಿನ್ ಎ ಮ್ಯಾಚ್’ ಮಾತ್ರ ಕೊಟ್ಟು, ಮಂಗಳವಾರ, ಗುರುವಾರ ಅದನ್ನೇ ಬಾಯಿಗೆ ತರಿಸಿ. ತಡೆಯದೆ ಬರತೊಡಗಿದ ಮೇಲೆ, ಮುಂದಿನ ವಾರದ ಕೊನೆಗೆ, ‘ಬೀಟ್ ಎ ಟೀಮ್’ ತನ್ನಿ. ಆಗ ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸಲು ಹೇಳಿ: ‘ವಿ ಬೀಟ್ ದ ವಿರಾಜಪೇಟೆ ಟೀಮ್ ಅಂಡ್ ವನ್ ದ ಮ್ಯಾಚ್.’ ‘ಬೀಟ್’ ಭೂತಕಾಲದಲ್ಲೂ ‘ಬೀಟ್’ ಆಗಿಯೇ ಉಳಿಯುತ್ತದೆ ಎಂಬುದನ್ನೂ ಆಗಲೇ ಹೇಳಿಬಿಡಿ, ಇಲ್ಲದಿದ್ದರೆ ‘ಬೀಟೆಡ್’ ಬರುತ್ತದೆ.